ಬದುಕಿದ್ದರೆ ಸಾಲದು, ಹೂ ಬಿಡಬೇಕು: ತೋಟದಲ್ಲಿ ಹೂಬಿಡುವ ಸಕ್ಯುಲೆಂಟ್ ಬೆಳೆಸುವ ಸಮಗ್ರ ಮಾರ್ಗದರ್ಶಿ

ಎಲೆ, ಕಾಂಡ ಅಥವಾ ಬೇರಿನಲ್ಲಿ ನೀರು ಕೂಡಿಟ್ಟುಕೊಂಡು ಒಣ ದಿನಗಳನ್ನು ಕಳೆಯುವ ಗಿಡಗಳನ್ನೆಲ್ಲ ಸಕ್ಯುಲೆಂಟ್ ಎನ್ನುತ್ತೇವೆ. ಇವನ್ನು ಉಳಿಸಿಕೊಳ್ಳುವುದು ಸುಲಭ. ಎರಡು ವಾರ ನೀರು ಹಾಕಲು ಮರೆತರೂ ಸಾಯುವುದಿಲ್ಲ. ಆದರೆ ಗಿಡ ವರ್ಷಗಟ್ಟಲೆ ಹಸಿರಾಗಿ ನಿಂತಿದ್ದು ಒಂದು ಹೂವನ್ನೂ ಬಿಡದಿರುವುದು ತೀರಾ ಸಾಮಾನ್ಯ. ಆಗ ಹೆಚ್ಚಿನವರು ಗೊಬ್ಬರ ಸುರಿಯುತ್ತಾರೆ, ನೀರು ಹೆಚ್ಚಿಸುತ್ತಾರೆ. ಎರಡರಿಂದಲೂ ಹೂ ಇನ್ನಷ್ಟು ದೂರವಾಗುತ್ತದೆ.

ಪ್ರತಿಯೊಂದು ಸಕ್ಯುಲೆಂಟ್‌ಗೂ ಹೂ ಬಿಡಲು ಹೊರಗಿನಿಂದ ಒಂದು ಸೂಚನೆ ಸಿಗಬೇಕು. ಕೆಲವಕ್ಕೆ ಅದು ಉರಿಬಿಸಿಲು, ಕೆಲವಕ್ಕೆ ಉದ್ದನೆಯ ಕತ್ತಲು, ಇನ್ನು ಕೆಲವಕ್ಕೆ ತಂಪಾದ ಒಣ ವಿಶ್ರಾಂತಿ. ಆ ಸೂಚನೆ ಯಾವುದೆಂದು ತಿಳಿದುಕೊಂಡು ಗಿಡ ಆರಿಸಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ, ನೀರು ನಿಲ್ಲದ ಮಣ್ಣು.

ಮೊದಲು ಗಿಡದ ಆಯ್ಕೆ

ಬಿಸಿಲು ಮತ್ತು ಬೆಚ್ಚನೆಯ ಹವೆಗೆ ಹೂ ಬಿಡುವ ಗುಂಪಿನಲ್ಲಿ ಮೊದಲು ಬರುವುದು ಪೋರ್ಚುಲಾಕಾ ಗ್ರಾಂಡಿಫ್ಲೋರಾ, ಎಂದರೆ ಟೇಬಲ್ ರೋಸ್. ದಕ್ಷಿಣ ಅಮೆರಿಕದ ಈ ಗಿಡ ಬಿಸಿಲೇರಿದ ಮೇಲೆ ಹೂ ಅರಳಿಸಿ ಸಂಜೆಯೊಳಗೆ ಮುಚ್ಚುತ್ತದೆ. ಅರೇಬಿಯಾ ಮತ್ತು ಆಫ್ರಿಕಾ ಮೂಲದ ಅಡೇನಿಯಂ, ಮಡಗಾಸ್ಕರ್‌ನ ಮುಳ್ಳುಗಿಡ ಯುಫೋರ್ಬಿಯಾ ಮಿಲಿ ಕೂಡ ಇದೇ ಗುಂಪಿನವು. ಹೊಸಬರು ಇವುಗಳಿಂದಲೇ ಶುರು ಮಾಡುವುದು ಒಳ್ಳೆಯದು. ಬಿಸಿಲು ಕೊಟ್ಟರೆ ಸಾಕು, ಬೇರೆ ಲೆಕ್ಕಾಚಾರ ಬೇಡ.

ಕತ್ತಲಿನ ಲೆಕ್ಕ ಇಡುವ ಗಿಡಗಳಲ್ಲಿ ಮುಖ್ಯವಾದವು ಕಲಾಂಚೊ ಬ್ಲಾಸ್‌ಫೆಲ್ಡಿಯಾನಾ ಮತ್ತು ಕ್ರಿಸ್‌ಮಸ್ ಕ್ಯಾಕ್ಟಸ್ ಎಂದು ಕರೆಯುವ ಶ್ಲಂಬರ್ಗೆರಾ. ಹಗಲು ಕುಗ್ಗಿ ರಾತ್ರಿ ಹಿಗ್ಗಿದಾಗಲೇ ಇವುಗಳಲ್ಲಿ ಮೊಗ್ಗು ಮೂಡುತ್ತದೆ. ಜೇಡ್ ಗಿಡವೆಂದು ಕರೆಯುವ ಕ್ರಾಸುಲಾ ಓವಾಟಾಕ್ಕೆ ಉದ್ದನೆಯ ರಾತ್ರಿಯ ಜೊತೆಗೆ ಚಳಿಯೂ ಬೇಕು, ಗಿಡಕ್ಕೆ ವಯಸ್ಸೂ ಆಗಿರಬೇಕು. ಎಳೆಯ ಜೇಡ್ ಗಿಡದಲ್ಲಿ ಹೂ ನಿರೀಕ್ಷಿಸಬೇಡಿ.

ಮೂರನೆಯ ಗುಂಪು ತಂಪಾದ, ಒಣ ವಿಶ್ರಾಂತಿ ಬೇಡುವಂಥದ್ದು. ರೆಬೂಟಿಯಾ, ಮಮ್ಮಿಲೇರಿಯಾ, ಜಿಮ್ನೊಕ್ಯಾಲಿಸಿಯಂನಂಥ ಪುಟ್ಟ ಕ್ಯಾಕ್ಟಸ್‌ಗಳು ಇದರಲ್ಲಿ ಸೇರುತ್ತವೆ. ಗುಲಾಬಿಯಂತೆ ಎಲೆ ಜೋಡಿಸಿಕೊಂಡ ಎಕೆವೇರಿಯಾ ಮತ್ತು ಲೋಳೆಸರದ ಜಾತಿಯ ಅಲೋಗಳಿಗೆ ವಿಶ್ರಾಂತಿ ಕಡ್ಡಾಯವಲ್ಲದಿದ್ದರೂ ಚಳಿಗಾಲದಲ್ಲಿ ಬಿಸಿಲು ಚೆನ್ನಾಗಿದ್ದು ರಾತ್ರಿ ತಂಪಾಗಿದ್ದರೆ ಹೂದಂಟು ಬೇಗ ಬರುತ್ತದೆ.

ಹಿಮ ಬೀಳುವ ಕಡೆ ಬಯಲಿನಲ್ಲಿ ಬೆಳೆಸುವವರಿಗೆ ಆಯ್ಕೆಯೇ ಬೇರೆ. ಅಲ್ಲಿ ಸೆಡಮ್, ಸೆಂಪರ್‌ವೈವಮ್, ಡೆಲೊಸ್ಪರ್ಮಾ ಕೂಪರಿ ನಿಲ್ಲುತ್ತವೆ. ಅಡೇನಿಯಂ, ಕಲಾಂಚೊ, ಯುಫೋರ್ಬಿಯಾ ಮಿಲಿ ಮೊದಲ ಹಿಮಕ್ಕೇ ಕರಗಿಹೋಗುತ್ತವೆ. ಹಾಗೆಯೇ ಸೆಕೆ ಮತ್ತು ತೇವ ಎರಡೂ ಇರುವ ಕಡೆ ಸೆಂಪರ್‌ವೈವಮ್ ಬೆಳೆಸಲು ಹೊರಟರೆ ಹಣವೂ ಶ್ರಮವೂ ವ್ಯರ್ಥ. ಚಿತ್ರ ನೋಡಿ ಮರುಳಾಗಿ ಹವಾಮಾನಕ್ಕೆ ಒಗ್ಗದ ಗಿಡ ತರುವುದಕ್ಕಿಂತ, ಒಗ್ಗುವ ಎರಡೇ ಜಾತಿಯನ್ನು ತುಂಬಾ ನೆಡುವುದು ಎಷ್ಟೋ ವಾಸಿ. ಪಾತಿಯೂ ಹಾಗೆಯೇ ಚೆಂದ ಕಾಣುತ್ತದೆ.

ನರ್ಸರಿಯಲ್ಲಿ ಗಿಡ ಆರಿಸುವಾಗ ಎಲೆಗಳ ಸಂದಿ ಬಿಡಿಸಿ ನೋಡಿ, ಹತ್ತಿಯಂಥ ಬಿಳಿ ಚುಕ್ಕೆ ಇದ್ದರೆ ಅದು ಹಿಟ್ಟು ತಿಗಣೆ. ಬುಡವನ್ನು ಮೆಲ್ಲಗೆ ಒತ್ತಿ ನೋಡಿ, ಗಟ್ಟಿಯಾಗಿರಬೇಕು. ಸಣ್ಣ ಕ್ಯಾಕ್ಟಸ್‌ನ ನೆತ್ತಿಯ ಮೇಲೆ ಕಾಗದದಂತೆ ಗರಗರ ಎನ್ನುವ ಹೂವಿದ್ದರೆ ಅದು ಅಂಟು ಹಾಕಿ ಕೂರಿಸಿದ ಒಣಹೂವಾಗಿರಬಹುದು. ಅಂಥದ್ದನ್ನು ಬಿಟ್ಟುಬಿಡಿ. ತಂದ ಗಿಡವನ್ನು 2–3 ವಾರ ಉಳಿದವುಗಳಿಂದ ದೂರವಿಟ್ಟು, ಕೀಟವಿಲ್ಲವೆಂದು ಖಚಿತವಾದ ಮೇಲೆ ಪಾತಿಗೆ ತನ್ನಿ.

ಜಾಗ ಮತ್ತು ನೀರು ಬಸಿಯುವ ಪರೀಕ್ಷೆ

ಪೋರ್ಚುಲಾಕಾ, ಅಡೇನಿಯಂ, ಯುಫೋರ್ಬಿಯಾ, ಡೆಲೊಸ್ಪರ್ಮಾಗಳಿಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. 8 ಗಂಟೆ ಸಿಕ್ಕರೆ ಇನ್ನೂ ಒಳ್ಳೆಯದು. ಕಲಾಂಚೊ ಮತ್ತು ಹೆಚ್ಚಿನ ಎಕೆವೇರಿಯಾಗಳಿಗೆ ಬೆಳಗಿನ 4–5 ಗಂಟೆಯ ಬಿಸಿಲು, ಮಧ್ಯಾಹ್ನದ ಮೇಲೆ ತೆಳು ನೆರಳು ಹಿತ. ಶ್ಲಂಬರ್ಗೆರಾ ಕಾಡಿನಲ್ಲಿ ಮರದ ಕೊಂಬೆಯ ಮೇಲೆ ಬೆಳೆಯುವ ಗಿಡವಾದ್ದರಿಂದ ಅದಕ್ಕೆ ಸೋಸಿ ಬರುವ ಬೆಳಕೇ ಸಾಕು. ಉರಿಬಿಸಿಲಿಗಿಟ್ಟರೆ ಅದರ ಎಲೆಯಂಥ ಕಾಂಡ ಕೆಂಪಗಾಗಿ ಸೊರಗುತ್ತದೆ.

ಜಾಗ ಗೊತ್ತಾದ ಮೇಲೆ ಅಲ್ಲಿ 30 ಸೆಂಟಿಮೀಟರ್ ಆಳ, ಅಷ್ಟೇ ಅಗಲದ ಗುಂಡಿ ತೋಡಿ. ನೀರು ತುಂಬಿಸಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಗುಂಡಿಯಲ್ಲಿ ಒಂದು ಕೋಲು ನಿಲ್ಲಿಸಿ ನೀರಿನ ಮಟ್ಟ ಗುರುತು ಮಾಡಿಕೊಳ್ಳಿ. ಒಂದು ಗಂಟೆಯಲ್ಲಿ ನೀರು 5 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ನೆಲದಲ್ಲೇ ನೆಡಬಹುದು. 2.5ರಿಂದ 5ರ ನಡುವೆ ಇದ್ದರೆ ಮಣ್ಣು ಸುಧಾರಿಸಿ ದಿಬ್ಬ ಮಾಡಿ ನೆಡಿ. ಅದಕ್ಕೂ ಕಡಿಮೆಯಿದ್ದರೆ ಏರುಮಡಿಯೇ ಗತಿ. ಮೊದಲ ಸಲ ತುಂಬಿಸಿದ ನೀರಿನಲ್ಲಿ ಲೆಕ್ಕ ಹಾಕಬಾರದು. ಒಣಮಣ್ಣು ಮೊದಲ ನೀರನ್ನು ಬೇಗ ಹೀರಿಕೊಳ್ಳುವುದರಿಂದ ಫಲಿತಾಂಶ ತಪ್ಪಾಗುತ್ತದೆ.

ಜೇಡಿಮಣ್ಣಿಗೆ ಸ್ವಲ್ಪ ಮರಳು ಬೆರೆಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಬಹಳ ಗಿಡಗಳನ್ನು ಕೊಂದಿದೆ. ಜೇಡಿಯ ನುಣುಪು ಕಣಗಳು ಮರಳಿನ ಸಂದುಗಳಲ್ಲಿ ತುಂಬಿಕೊಂಡು, ಒಣಗಿದಾಗ ಮಣ್ಣು ಮೊದಲಿಗಿಂತ ಗಟ್ಟಿಯಾಗುತ್ತದೆ. ಅಂಥ ಕಡೆ ನೆಲವನ್ನು ತಿದ್ದಲು ಹೋಗದೆ, ಅದರ ಮೇಲೆ ಬೇರೆ ಮಿಶ್ರಣದ ಮಡಿ ಕಟ್ಟುವುದೇ ಸರಿಯಾದ ದಾರಿ.

ಏರುಮಡಿ ಮತ್ತು ಮಣ್ಣಿನ ಮಿಶ್ರಣ

ಮಡಿಯ ಎತ್ತರ 20–30 ಸೆಂಟಿಮೀಟರ್ ಇರಲಿ. 2 ಮೀಟರ್ ಉದ್ದ, 1 ಮೀಟರ್ ಅಗಲ, 25 ಸೆಂಟಿಮೀಟರ್ ಎತ್ತರದ ಮಡಿಗೆ ಒಟ್ಟು 500 ಲೀಟರ್ ಮಿಶ್ರಣ ಹಿಡಿಯುತ್ತದೆ. ಅದಕ್ಕೆ ಬೇಕಾದದ್ದು:

- 2ರಿಂದ 6 ಮಿಲಿಮೀಟರ್ ಗಾತ್ರದ ಕಲ್ಲುಚೂರು, ದಪ್ಪ ಮರಳು, ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) ಅಥವಾ ಇಟ್ಟಿಗೆ ಚೂರು – 250 ಲೀಟರ್
- ಜರಡಿ ಹಿಡಿದ ತೋಟದ ಮಣ್ಣು – 150 ಲೀಟರ್
- ಪೂರ್ತಿ ಕಳಿತ ಕಾಂಪೋಸ್ಟ್ – 100 ಲೀಟರ್

15 ಲೀಟರ್ ಬಕೆಟ್ಟಿನಲ್ಲಿ ಅಳೆಯುವುದಾದರೆ ಸುಮಾರು 17, 10 ಮತ್ತು 7 ಬಕೆಟ್. ಮಿಶ್ರಣ ಕೆಲವೇ ವಾರಗಳಲ್ಲಿ ಕುಸಿಯುವುದರಿಂದ ಮಧ್ಯದಲ್ಲಿ 5 ಸೆಂಟಿಮೀಟರ್ ಹೆಚ್ಚಿಗೆ ಏರಿಸಿ ಅಂಚಿನ ಕಡೆಗೆ ಇಳಿಜಾರು ಕೊಡಿ.

ಕಲ್ಲುಚೂರನ್ನು ಬೆರೆಸುವ ಮೊದಲು ನೀರಿನಲ್ಲಿ ತೊಳೆದು ಧೂಳು ತೆಗೆಯುವುದನ್ನು ತಪ್ಪಿಸಬೇಡಿ. ಆ ಧೂಳೇ ಮಳೆಗೆ ತಳಕ್ಕಿಳಿದು ಪದರ ಕಟ್ಟುತ್ತದೆ. ಗಾರೆಗೆ ಬಳಸುವ ನುಣುಪು ಮರಳು ಬೇಡ, ಸಮುದ್ರದ ಮರಳಂತೂ ಉಪ್ಪಿನಿಂದಾಗಿ ಬೇಡವೇ ಬೇಡ. ಕಾಂಪೋಸ್ಟ್ ಅರೆಬರೆ ಕಳಿತಿದ್ದರೆ ಬುಡದಲ್ಲಿ ಬಿಸಿಯೇರಿ ಬೇರು ಸುಡುತ್ತದೆ. ಮೂಗಿಗೆ ಹಿಡಿದರೆ ಮಳೆ ಬಿದ್ದ ನೆಲದ ವಾಸನೆ ಬರಬೇಕು, ಹುಳಿ ಅಥವಾ ಅಮೋನಿಯಾ ವಾಸನೆ ಬಂದರೆ ಇನ್ನೂ ಕಾಯಿರಿ.

ಮಿಶ್ರಣ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಹಿಡಿ ತೇವದ ಮಿಶ್ರಣವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಸುಕಿ ಬಿಡಿ. ಉಂಡೆ ನಿಂತರೆ ಕಲ್ಲುಚೂರು ಸಾಲದು. ಕೈ ಬಿಚ್ಚಿದ ಕೂಡಲೇ ಉದುರಿದರೆ ಸರಿ.

ಕುಂಡದಲ್ಲಿ ಬೆಳೆಸುವವರು ಕಲ್ಲುಚೂರಿನ ಪಾಲನ್ನು ಇನ್ನೂ ಸ್ವಲ್ಪ ಏರಿಸಬಹುದು. ಆದರೆ ಕುಂಡದ ತಳಕ್ಕೆ ಜಲ್ಲಿ ಪದರ ಹಾಕುವ ಹಳೆಯ ಅಭ್ಯಾಸ ಬಿಡುವುದು ಲೇಸು. ನುಣುಪು ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬುವ ತನಕ ನೀರು ಅಲ್ಲೇ ನಿಲ್ಲುತ್ತದೆ. ಹೀಗೆ, ತಳದಲ್ಲಿ ಇರಬೇಕಿದ್ದ ತೇವ ಬೇರಿನ ಮಟ್ಟಕ್ಕೇ ಏರಿ ಕೂರುತ್ತದೆ. ತೂತಿನ ಮೇಲೆ ಸಣ್ಣ ಬಲೆ ಇಟ್ಟು ಮೇಲಿಂದ ಕೆಳಗಿನ ತನಕ ಒಂದೇ ಮಿಶ್ರಣ ತುಂಬಿ.

ನೆಡುವ ಕ್ರಮ

ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ದೊಡ್ಡ ಮಳೆ ಇಲ್ಲದ ದಿನಗಳಲ್ಲಿ ನೆಡಬೇಕು. ಮಳೆಗಾಲ ಅಥವಾ ಹಿಮ ಶುರುವಾಗಲು ಇನ್ನೂ 6–8 ವಾರ ಇರಲಿ. ಅಷ್ಟರಲ್ಲಿ ಬೇರು ಊರಿಕೊಳ್ಳುತ್ತದೆ.

ನೆರಳುಮನೆಯಲ್ಲಿ ಬೆಳೆದ ಗಿಡವನ್ನು ಏಕಾಏಕಿ ಬಿಸಿಲಿಗೆ ತಂದರೆ ಎಲೆ ಸುಟ್ಟು ಕಂದು ಕಲೆ ಬೀಳುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಮೊದಲೆರಡು ದಿನ ಬೆಳಗಿನ ಒಂದು ಗಂಟೆ ಬಿಸಿಲು ಕೊಡಿ. ಆಮೇಲೆ ಎರಡು ದಿನಕ್ಕೊಮ್ಮೆ ಒಂದೊಂದು ಗಂಟೆ ಹೆಚ್ಚಿಸುತ್ತ, ಸುಮಾರು ಎರಡು ವಾರದಲ್ಲಿ ಪೂರ್ತಿ ಬಿಸಿಲಿಗೆ ಒಗ್ಗಿಸಿ.

1. ನೆಡುವ 3–4 ದಿನ ಮೊದಲು ಕುಂಡಕ್ಕೆ ನೀರು ನಿಲ್ಲಿಸಿ. ಒಣಗಿದ ಮಣ್ಣುಂಡೆ ಬೇರಿಗೆ ನೋವಾಗದಂತೆ ಬಿಡಿಸಿಕೊಳ್ಳುತ್ತದೆ.
2. ಗಿಡ ಹೊರತೆಗೆದು ಹಳೆಯ ಮಣ್ಣನ್ನು ಬೆರಳಿನಿಂದ ಉದುರಿಸಿ. ನರ್ಸರಿಯ ಗಿಡಗಳು ಹೆಚ್ಚಾಗಿ ಬರೀ ಪೀಟ್ (ಜೌಗುನೆಲದ ಕಳಿತ ಪಾಚಿ) ಅಥವಾ ತೆಂಗಿನ ನಾರಿನ ಪುಡಿಯಾದ ಕೋಕೋಪೀಟ್‌ನಲ್ಲಿ ಇರುತ್ತವೆ. ಅದನ್ನು ಹಾಗೇ ಬಿಟ್ಟು ನೆಟ್ಟರೆ ಸುತ್ತಲಿನ ಮಣ್ಣು ಒಣಗಿದರೂ ಬುಡದ ಉಂಡೆ ಮಾತ್ರ ಹಸಿಯಾಗಿಯೇ ಉಳಿಯುತ್ತದೆ.
3. ಕಪ್ಪಗೆ ಮೆತ್ತಗಾದ ಬೇರುಗಳನ್ನು ಸ್ವಚ್ಛ ಕತ್ತರಿಯಿಂದ ತೆಗೆದು, ಗಿಡವನ್ನು 2–3 ದಿನ ನೆರಳಿನಲ್ಲಿ ಒಣಗಲು ಬಿಡಿ. ಅಡೇನಿಯಂನ ದಪ್ಪ ಬೇರಿಗೆ ಗಾಯವಾಗಿದ್ದರೆ 4–5 ದಿನ ಬೇಕು.
4. ಕಾಂಡ ಬೇರಿಗೆ ಸೇರುವ ಜಾಗ ಮಣ್ಣಿನ ಮಟ್ಟಕ್ಕಿಂತ 1 ಸೆಂಟಿಮೀಟರ್ ಮೇಲಿರುವಂತೆ ನೆಡಿ. ಆಳಕ್ಕೆ ಹೂತರೆ ಕೊಳೆ ಶುರುವಾಗುವುದು ಅಲ್ಲಿಂದಲೇ.
5. ಬುಡದ ಸುತ್ತ 5–10 ಮಿಲಿಮೀಟರ್ ಗಾತ್ರದ ಜಲ್ಲಿಯನ್ನು 2–3 ಸೆಂಟಿಮೀಟರ್ ದಪ್ಪ ಹರಡಿ. ಕೆಳಗಿನ ಎಲೆಗಳು ಒದ್ದೆ ಮಣ್ಣಿಗೆ ತಾಗುವುದಿಲ್ಲ, ಕಳೆಯೂ ಕಡಿಮೆ. ಹುಲ್ಲು, ತರಗೆಲೆಯ ಮುಚ್ಚಿಗೆ ಇವಕ್ಕೆ ಸಲ್ಲದು.
6. 5–7 ದಿನ ನೀರು ಹಾಕಬೇಡಿ. ಬೇರಿನ ಗಾಯ ಮಾಯಲಿ.

ಪೋರ್ಚುಲಾಕಾಕ್ಕೆ ಈ ಕೊನೆಯ ನಿಯಮ ಅನ್ವಯಿಸದು. ಅದನ್ನು ನೆಟ್ಟ ದಿನವೇ ಹಗುರವಾಗಿ ನೀರು ಚಿಮುಕಿಸಬಹುದು.

ಅಂತರದ ವಿಚಾರದಲ್ಲಿ ಜಿಪುಣತನ ಬೇಡ. ಪೋರ್ಚುಲಾಕಾ ಮತ್ತು ಎಕೆವೇರಿಯಾಕ್ಕೆ 15–20, ಕಲಾಂಚೊಗೆ 25–30, ಹರಡುವ ಡೆಲೊಸ್ಪರ್ಮಾಕ್ಕೆ 30–45, ಯುಫೋರ್ಬಿಯಾ ಮಿಲಿಗೆ 45–60, ಅಡೇನಿಯಂಗೆ 60–90 ಸೆಂಟಿಮೀಟರ್ ಬಿಡಿ. ಒತ್ತೊತ್ತಾಗಿ ನೆಟ್ಟರೆ ಮೊದಲ ತಿಂಗಳು ತುಂಬಿದಂತೆ ಕಾಣುತ್ತದೆ. ಆಮೇಲೆ ನಡುವೆ ಗಾಳಿಯಾಡದೆ ಹಿಟ್ಟು ತಿಗಣೆಯೂ ಕೊಳೆಯೂ ಸೇರಿಕೊಳ್ಳುತ್ತವೆ. ಹೆಚ್ಚು ನೀರು ಕೇಳುವ ಪೋರ್ಚುಲಾಕಾ, ಕಲಾಂಚೊಗಳನ್ನು ಮಡಿಯ ಕೆಳ ಅಂಚಿನಲ್ಲೂ ಕಡಿಮೆ ನೀರಿನ ಅಲೋ, ಅಡೇನಿಯಂಗಳನ್ನು ದಿಬ್ಬದ ಮೇಲೂ ನೆಟ್ಟರೆ ಮುಂದೆ ನೀರು ಹಾಕುವ ಕೆಲಸ ಹಗುರವಾಗುತ್ತದೆ.

ನೀರು

ದಿನಕ್ಕೊಂದು ಲೋಟ ಹಾಕುವ ಪದ್ಧತಿ ತಪ್ಪು. ಹಾಕುವಾಗ 15 ಸೆಂಟಿಮೀಟರ್ ಆಳದವರೆಗೆ ಇಳಿಯುವಂತೆ ಹಾಕಿ, ಆಮೇಲೆ ಒಣಗುವ ತನಕ ಕಾಯಬೇಕು. ಒಣ ಮರದ ಕಡ್ಡಿಯೊಂದನ್ನು 7–8 ಸೆಂಟಿಮೀಟರ್ ಆಳಕ್ಕೆ ಚುಚ್ಚಿ ಐದು ನಿಮಿಷ ಬಿಟ್ಟು ಎಳೆಯಿರಿ. ಕಡ್ಡಿಗೆ ತೇವದ ಮಣ್ಣು ಅಂಟಿದ್ದರೆ ಅವತ್ತು ನೀರು ಬೇಡ. ಬೇಸಿಗೆಯಲ್ಲಿ ನೆಲದ ಗಿಡಗಳಿಗೆ ಸಾಧಾರಣವಾಗಿ 7–10 ದಿನಕ್ಕೊಮ್ಮೆ, ಕುಂಡದವಕ್ಕೆ 4–7 ದಿನಕ್ಕೊಮ್ಮೆ ಬೇಕಾಗಬಹುದು. ಆದರೆ ದಿನದ ಲೆಕ್ಕಕ್ಕಿಂತ ಕಡ್ಡಿಯ ಮಾತೇ ನಂಬಿಕೆಗೆ ಯೋಗ್ಯ.

ಎಲೆ ನೋಡಿಯೂ ತಿಳಿಯುತ್ತದೆ. ಕೆಳಗಿನ ಎಲೆ ಸುಕ್ಕುಗಟ್ಟಿ ಮೆತ್ತಗಾಗಿದ್ದರೆ ಬಾಯಾರಿಕೆ. ಎಲೆ ಹಳದಿಯಾಗಿ, ಬೆಳಕು ಹಾಯುವಂತೆ ಪಾರದರ್ಶಕವಾಗಿ, ಮುಟ್ಟಿದರೆ ಕಳಚಿ ಬೀಳುತ್ತಿದ್ದರೆ ನೀರು ಹೆಚ್ಚಾಗಿದೆ. ಇಲ್ಲೊಂದು ಮೋಸವಿದೆ: ಬೇರು ಕೊಳೆತ ಗಿಡಕ್ಕೂ ನೀರು ಹೀರಲಾಗದೆ ಎಲೆ ಸುಕ್ಕುಗಟ್ಟುತ್ತದೆ. ಮಣ್ಣು ಹಸಿಯಿದ್ದೂ ಎಲೆ ಸುಕ್ಕಾಗಿದ್ದರೆ ನೀರು ಹಾಕದೆ ಗಿಡ ಕಿತ್ತು ಬೇರು ಪರೀಕ್ಷಿಸಿ.

ನೀರನ್ನು ಬೆಳಿಗ್ಗೆ, ಬುಡಕ್ಕೆ ಹಾಕಿ. ಎಕೆವೇರಿಯಾದ ಎಲೆಗಳ ನಡುವೆ ನೀರು ನಿಂತರೆ ಅಲ್ಲೇ ಕೊಳೆ ಹತ್ತುತ್ತದೆ. ಎಲೆಯ ಮೇಲಿನ ಬಿಳಿ ಪುಡಿಯಂಥ ಲೇಪ ಬಿಸಿಲಿನಿಂದ ಕಾಪಾಡುವ ಮೇಣ. ಅದನ್ನು ಧೂಳೆಂದು ಒರೆಸಬೇಡಿ. ಈ ಗಿಡಗಳಲ್ಲಿ ಹೆಚ್ಚಿನವು ಹಗಲು ಎಲೆರಂಧ್ರ ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತವೆ. ರಾತ್ರಿಯೂ ಸೆಕೆಯಿರುವ ವಾರಗಳಲ್ಲಿ ಎಕೆವೇರಿಯಾದಂಥವು ಬೆಳವಣಿಗೆ ನಿಲ್ಲಿಸಿಬಿಡುತ್ತವೆ. ಆಗ ಬಾಯಾರಿದೆ ಎಂದು ಕನಿಕರಪಟ್ಟು ನೀರು ಹೆಚ್ಚಿಸುವುದೇ ಬೇಸಿಗೆಯ ಸಾವಿಗೆ ದೊಡ್ಡ ಕಾರಣ.

ಎಡೆಬಿಡದೆ ಮಳೆ ಹಿಡಿಯುವ ಕಡೆ ಅಡೇನಿಯಂ, ಎಕೆವೇರಿಯಾ, ಕ್ಯಾಕ್ಟಸ್‌ಗಳ ಮೇಲೆ ಪಾರದರ್ಶಕ ಹಾಳೆಯ ಓರೆ ಮಾಡು ಕಟ್ಟಿ. ನಾಲ್ಕು ಬದಿಯೂ ತೆರೆದಿರಬೇಕು.

ಗೊಬ್ಬರ

ಸಾರಜನಕ ಹೆಚ್ಚಾದರೆ ಎಲೆ ಉಬ್ಬುತ್ತದೆ, ಕಾಂಡ ಉದ್ದವಾಗುತ್ತದೆ, ಹೂ ಹಿಂದೆ ಬೀಳುತ್ತದೆ. ಪೊಟ್ಯಾಷ್ ಅಂಶ ಸಾರಜನಕಕ್ಕಿಂತ ಹೆಚ್ಚಿರುವ, ನೀರಿನಲ್ಲಿ ಕರಗುವ ಗೊಬ್ಬರ ಆರಿಸಿ. ಪೊಟ್ಟಣದ ಮೇಲೆ ಬರೆದ ಪ್ರಮಾಣದ ಅರ್ಧ ಅಥವಾ ಕಾಲು ಭಾಗ ಮಾತ್ರ ಬಳಸಿ. ಬೆಳೆಯುವ ಕಾಲದಲ್ಲಿ 4–6 ವಾರಕ್ಕೊಮ್ಮೆ ಕೊಟ್ಟರೆ ಸಾಕು, ಅದೂ ಮಣ್ಣು ತೇವವಿದ್ದಾಗ. ಒಣ ಮಣ್ಣಿಗೆ ಹಾಕಿದರೆ ಲವಣ ಬೇರನ್ನು ಸುಡುತ್ತದೆ. ಗಿಡ ವಿಶ್ರಾಂತಿಯಲ್ಲಿರುವಾಗ ಏನೂ ಬೇಡ.

ರಂಜಕ ತುಂಬಿದ ‘ಹೂ ಬರಿಸುವ’ ಗೊಬ್ಬರಗಳ ಬಗ್ಗೆ ಎಚ್ಚರವಿರಲಿ. ಮಣ್ಣಿನಲ್ಲಿ ರಂಜಕದ ಕೊರತೆಯೇ ಇಲ್ಲದಿದ್ದರೆ ಹೆಚ್ಚು ಹಾಕುವುದರಿಂದ ಹೂ ಹೆಚ್ಚುವುದಿಲ್ಲ. ಅದು ಮಣ್ಣಿನಲ್ಲಿ ಕೂಡಿಕೊಂಡು ಕಬ್ಬಿಣ, ಸತುವಿನಂಥ ಪೋಷಕಾಂಶಗಳನ್ನು ಗಿಡ ಹೀರದಂತೆ ತಡೆಯುತ್ತದೆ.

ಹೂ ಬಿಡಿಸುವ ಕೆಲಸ

*ಕಲಾಂಚೊ.* ಅಂಗಡಿಯಿಂದ ಹೂವಿನೊಂದಿಗೆ ಬಂದ ಕಲಾಂಚೊ ಮತ್ತೆಂದೂ ಹೂ ಬಿಡದಿರುವುದಕ್ಕೆ ಕಾರಣ ಬಹುಮಟ್ಟಿಗೆ ರಾತ್ರಿಯ ದೀಪ. ಹಗಲು ಸುಮಾರು 12 ಗಂಟೆಗಿಂತ ಕಡಿಮೆಯಾದಾಗ ಇದು ಮೊಗ್ಗು ಕಟ್ಟುತ್ತದೆ. ಆದರೆ ಅದು ನಿಜವಾಗಿ ಅಳೆಯುವುದು ಬೆಳಕನ್ನಲ್ಲ, ಎಡೆಬಿಡದ ಕತ್ತಲನ್ನು. ಜಗಲಿಯ ಬಲ್ಬು, ಬೀದಿದೀಪ ನಡುರಾತ್ರಿ ಬೀಳುತ್ತಿದ್ದರೆ ಗಿಡಕ್ಕೆ ರಾತ್ರಿಯಾದದ್ದೇ ತಿಳಿಯುವುದಿಲ್ಲ. ದೀಪ ಬೀಳದ ಮೂಲೆಯಲ್ಲಿ ನೆಟ್ಟರೆ ಚಳಿಗಾಲದಲ್ಲಿ ತಾನಾಗಿಯೇ ಹೂ ಬರುತ್ತದೆ. ಬೇರೆ ಕಾಲದಲ್ಲಿ ಹೂ ಬೇಕಿದ್ದರೆ ಕುಂಡದಲ್ಲಿ ಬೆಳೆಸಿ ಹೀಗೆ ಮಾಡಿ: ಸಂಜೆ 5ರಿಂದ ಬೆಳಿಗ್ಗೆ 7ರವರೆಗೆ, ಅಂದರೆ 14 ಗಂಟೆ, ಬೆಳಕು ನುಸುಳದ ರಟ್ಟಿನ ಪೆಟ್ಟಿಗೆ ಅಥವಾ ಎರಡು ಪದರದ ಕಪ್ಪು ಬಟ್ಟೆ ಮುಚ್ಚಿ. ಹಗಲು ಒಳ್ಳೆಯ ಬಿಸಿಲಿಗಿಡಿ. ಒಂದು ದಿನವೂ ತಪ್ಪಿಸದೆ 6 ವಾರ ನಡೆಸಿ. ಆ ಅವಧಿಯಲ್ಲಿ ನೀರು ಕಡಿಮೆ, ಗೊಬ್ಬರ ಇಲ್ಲ. ಮೊಗ್ಗು ಕಣ್ಣಿಗೆ ಕಂಡ ಮೇಲೆ ಮುಚ್ಚುವುದನ್ನು ನಿಲ್ಲಿಸಬಹುದು. ಶುರುವಿನಿಂದ ಹೂ ಅರಳುವ ತನಕ ಒಟ್ಟು 10–12 ವಾರ ಹಿಡಿಯುತ್ತದೆ. ರಾತ್ರಿಯ ಉಷ್ಣತೆ 25 ಡಿಗ್ರಿ ದಾಟುತ್ತಿದ್ದರೆ ಮೊಗ್ಗು ತಡವಾಗುತ್ತದೆ. ಸೆಕೆಯ ದಿನಗಳಲ್ಲಿ ಪೆಟ್ಟಿಗೆಯೊಳಗೆ ಬಿಸಿ ಕೂಡಿಕೊಳ್ಳುವುದರಿಂದ ಈ ಪ್ರಯೋಗಕ್ಕೆ ತಂಪು ತಿಂಗಳುಗಳೇ ಸರಿ.

*ಶ್ಲಂಬರ್ಗೆರಾ.* ಇದಕ್ಕೂ 6 ವಾರ, ದಿನಕ್ಕೆ 13 ಗಂಟೆಗೆ ಕಡಿಮೆಯಿಲ್ಲದ ಕತ್ತಲು. ಜೊತೆಗೆ ರಾತ್ರಿ 10–15 ಡಿಗ್ರಿ ತಂಪಿದ್ದರೆ ಮೊಗ್ಗು ಖಚಿತ. ಮೊಗ್ಗು ಬಂದ ಮೇಲೆ ಕುಂಡದ ಜಾಗ ಬದಲಿಸಬೇಡಿ, ಮಣ್ಣು ಪೂರ್ತಿ ಒಣಗಲೂ ಬಿಡಬೇಡಿ. ಎರಡರಲ್ಲಿ ಯಾವುದಾದರೂ ಮೊಗ್ಗು ಉದುರುತ್ತದೆ.

*ಅಡೇನಿಯಂ.* ಇದರ ಹೂ ಹೊಸ ಚಿಗುರಿನ ತುದಿಯಲ್ಲಿ ಬರುತ್ತದೆ. ತುದಿಗಳು ಹೆಚ್ಚಿದಷ್ಟೂ ಹೂ ಹೆಚ್ಚು. ಹಾಗಾಗಿ ಬೆಚ್ಚನೆಯ ಕಾಲದ ಆರಂಭದಲ್ಲಿ ಕೊಂಬೆಗಳನ್ನು ಅರ್ಧದಿಂದ ಮೂರನೇ ಎರಡರಷ್ಟು ಧೈರ್ಯವಾಗಿ ಸವರಿ. ಪ್ರತಿ ಕತ್ತರಿಕೆಯ ಕೆಳಗೆ 2–4 ಟಿಸಿಲು ಒಡೆಯುತ್ತವೆ. ಗಾಯಕ್ಕೆ ಗಂಧಕದ ಪುಡಿ ಹಚ್ಚಿ, ಒಂದು ವಾರ ಗಾಯ ಒದ್ದೆಯಾಗದಂತೆ ನೋಡಿಕೊಳ್ಳಿ. ಬುಡ ದಪ್ಪಗಾಗಬೇಕೆಂದರೆ ಬೀಜದ ಗಿಡವನ್ನೇ ಆರಿಸಬೇಕು. ಕಡ್ಡಿಯಿಂದ ಬಂದ ಗಿಡಗಳಿಗೆ ಆ ಉಬ್ಬು ಅಷ್ಟಾಗಿ ಬರುವುದಿಲ್ಲ. ಬೀಜದಿಂದ ಬೆಳೆದದ್ದು ಒಂದರಿಂದ ಎರಡು ವರ್ಷದಲ್ಲಿ ಹೂ ಬಿಡುತ್ತದೆ. ಚಳಿಗೆ ಎಲೆ ಉದುರಿಸಿ ನಿಂತಾಗ ಸತ್ತಿತೆಂದು ನೀರು ಸುರಿಯಬೇಡಿ. ಬುಡ ಗಟ್ಟಿಯಿದ್ದರೆ ಅದು ವಿಶ್ರಾಂತಿಯಲ್ಲಿದೆ.

*ಯುಫೋರ್ಬಿಯಾ ಮಿಲಿ.* ಬಣ್ಣದ ಎಸಳಿನಂತೆ ಕಾಣುವುದು ವಾಸ್ತವವಾಗಿ ಹೂವಿನ ಕೆಳಗಿನ ಪುಷ್ಪಪತ್ರ. ಆದ್ದರಿಂದಲೇ ವಾರಗಟ್ಟಲೆ ಬಾಡದೆ ನಿಲ್ಲುತ್ತದೆ. ಬಿಸಿಲಿದ್ದರೆ ಹೆಚ್ಚುಕಡಿಮೆ ವರ್ಷವಿಡೀ ಹೂ. ಹೂ ನಿಂತರೆ ಮೊದಲು ನೋಡಬೇಕಾದದ್ದು ಪಕ್ಕದ ಗಿಡ ಬೆಳೆದು ನೆರಳು ಹಾಕುತ್ತಿದೆಯೇ ಎಂಬುದನ್ನು.

*ಪೋರ್ಚುಲಾಕಾ.* ಬೀಜ ಧೂಳಿನಷ್ಟು ಸಣ್ಣ. ಮಣ್ಣಿನ ಮೇಲೆ ಉದುರಿಸಿ ಅಂಗೈಯಿಂದ ಒತ್ತಿದರೆ ಸಾಕು, ಮುಚ್ಚಬೇಡಿ. ಮೊಳೆಯಲು ಅದಕ್ಕೆ ಬೆಳಕು ಬೇಕು. 24–28 ಡಿಗ್ರಿಯಲ್ಲಿ 7–14 ದಿನಕ್ಕೆ ಮೊಳೆಯುತ್ತದೆ, 6–8 ವಾರಕ್ಕೆ ಹೂ. ಸಸಿ 5 ಸೆಂಟಿಮೀಟರ್ ಆದಾಗ ತುದಿ ಚಿವುಟಿ. ಒಂದೊಂದು ಹೂವಿನ ಆಯುಷ್ಯ ಒಂದೇ ದಿನವಾದರೂ ಮೊಗ್ಗುಗಳ ಸಾಲು ಮುಗಿಯುವುದಿಲ್ಲ. ಬಳ್ಳಿ ಉದ್ದವಾಗಿ ನಡು ಬೋಳಾದರೆ ಅರ್ಧಕ್ಕೆ ಕತ್ತರಿಸಿ, ಎರಡು ಮೂರು ವಾರದಲ್ಲಿ ಮತ್ತೆ ತುಂಬುತ್ತದೆ. ಮೋಡ ಮುಚ್ಚಿದ ದಿನ ಹೂ ಅರಳದಿದ್ದರೆ ಅದು ರೋಗವಲ್ಲ.

*ಎಕೆವೇರಿಯಾ ಮತ್ತು ಅಲೋ.* ಎರಡಕ್ಕೂ ವಯಸ್ಸು ಮುಖ್ಯ. ಎಕೆವೇರಿಯಾ ಸಾಧಾರಣವಾಗಿ ಎರಡನೇ ವರ್ಷದಿಂದ, ಅಲೋ ಮೂರು ನಾಲ್ಕನೇ ವರ್ಷದಿಂದ ಹೂದಂಟು ತೆಗೆಯುತ್ತವೆ. ಎಕೆವೇರಿಯಾದ ಹೂದಂಟನ್ನು ಸಸ್ಯಹೇನು ಬಹಳ ಇಷ್ಟಪಡುವುದರಿಂದ ವಾರಕ್ಕೊಮ್ಮೆ ಮೊಗ್ಗಿನ ಸಂದಿ ನೋಡಿ. ಅಲೋದ ಕೊಳವೆಯಂಥ ಹೂವುಗಳಲ್ಲಿ ಮಕರಂದ ತುಂಬಿರುತ್ತದೆ. ಸೂರಕ್ಕಿಗಳಿರುವ ಕಡೆ ಅವು ಹುಡುಕಿಕೊಂಡು ಬರುತ್ತವೆ. ಆ ಹೊತ್ತಿನಲ್ಲಿ ಹೂದಂಟಿಗೆ ಕೀಟನಾಶಕ ಸಿಂಪಡಿಸುವುದು ದೊಡ್ಡ ತಪ್ಪು.

*ಪುಟ್ಟ ಕ್ಯಾಕ್ಟಸ್‌ಗಳು.* ಚಳಿಗಾಲದಲ್ಲಿ 8–10 ವಾರ, 7–12 ಡಿಗ್ರಿಯ ತಂಪಿನಲ್ಲಿ, ಬೆಳಕಿರುವ ಕಡೆ, ನೀರಿಲ್ಲದೆ ಇಡಬೇಕು. ಸ್ವಲ್ಪ ಕುಗ್ಗಿದರೂ ಹೆದರಬೇಡಿ. ವಿಶ್ರಾಂತಿ ಮುಗಿದು ಮುಳ್ಳಿನ ಬುಡದಲ್ಲಿ ಉಣ್ಣೆಯಂಥ ಮೊಗ್ಗು ಕಂಡ ಮೇಲೆ ನೀರು ಶುರು ಮಾಡಿ. ವರ್ಷವಿಡೀ ಒಂದೇ ಸಮ ನೀರು ಕುಡಿದ ಕ್ಯಾಕ್ಟಸ್ ದಪ್ಪಗಾಗುತ್ತದೆಯೇ ಹೊರತು ಹೂ ಬಿಡುವುದು ಅಪರೂಪ.

ಹೂ ಮುಗಿದ ಮೇಲೆ

ಕಲಾಂಚೊದ ಬಾಡಿದ ಗೊಂಚಲನ್ನು ಅದರ ಕೆಳಗಿನ ಮೊದಲ ಜೋಡಿ ಎಲೆಯವರೆಗೆ ಕತ್ತರಿಸಿ. ಎಕೆವೇರಿಯಾದ ಹೂದಂಟನ್ನು ಪೂರ್ತಿ ಒಣಗಲು ಬಿಟ್ಟು ಮೆಲ್ಲಗೆ ಎಳೆದರೆ ತಾನಾಗಿ ಕಳಚುತ್ತದೆ. ಹಸಿಯಾಗಿದ್ದಾಗ ಕಿತ್ತರೆ ಗಿಡದ ನಡುವೆ ಗಾಯವಾಗುತ್ತದೆ. ಒದ್ದೆ ಹವೆಯಲ್ಲಿ ಉದುರಿದ ಹೂಗಳು ಎಲೆಯ ಮೇಲೆ ಕೂತರೆ ಬೂದುಬಣ್ಣದ ಬೂಷ್ಟು ಹತ್ತುತ್ತದೆ, ಆಗಾಗ ಆರಿಸಿ ತೆಗೆಯಿರಿ.

ಕೆಲವು ಗಿಡಗಳು ಹೂ ಬಿಟ್ಟ ಮೇಲೆ ಸಾಯುತ್ತವೆ. ಸೆಂಪರ್‌ವೈವಮ್ ಮತ್ತು ಏಯೋನಿಯಂನಲ್ಲಿ ಹೂ ಬಿಟ್ಟ ಎಲೆಗೊಂಚಲು ಮಾತ್ರ ಒಣಗುತ್ತದೆ. ಕತ್ತಾಳೆ ಜಾತಿಯ ಅಗೇವ್ ಅಮೆರಿಕಾನಾ 10ರಿಂದ 30 ವರ್ಷ ಕಾದು, ಒಂದೇ ಸಲ 6–8 ಮೀಟರ್ ಎತ್ತರದ ಹೂಗಂಬ ಎತ್ತಿ ತೀರಿಹೋಗುತ್ತದೆ. ಇದಕ್ಕೆ ಚಿಕಿತ್ಸೆಯಿಲ್ಲ, ಬೇಕಾಗಿಯೂ ಇಲ್ಲ. ಸುತ್ತ ಎದ್ದ ಮರಿಗಳನ್ನು ಬಿಡಿಸಿ ನೆಡಿ.

ಕೆಡುವುದು ಎಲ್ಲಿ, ಏಕೆ

ಗಿಡ ಉದ್ದಕ್ಕೆ ಎಳೆದುಕೊಂಡು ಎಲೆಗಳ ನಡುವೆ ಅಂತರ ಹೆಚ್ಚಿದರೆ ಬೆಳಕು ಸಾಲದು. ಎಳೆದುಕೊಂಡ ಕಾಂಡ ಮತ್ತೆ ಗಿಡ್ಡವಾಗದು. ತಲೆ ಕತ್ತರಿಸಿ ಬೇರು ಬರಿಸಿ, ಹೆಚ್ಚು ಬಿಸಿಲಿನಲ್ಲಿ ಹೊಸದಾಗಿ ನೆಡಬೇಕು.

ಬುಡ ಕಪ್ಪಗಾಗಿ ಮೆತ್ತಗಾದರೆ ಒಂದು ದಿನವೂ ತಡಮಾಡಬೇಡಿ. ಗಿಡ ಕಿತ್ತು, ಕೊಳೆತ ಭಾಗವನ್ನು ಕತ್ತರಿಸುತ್ತ ಮೇಲೆ ಹೋಗಿ. ಒಳಗಿನ ತಿರುಳಿನಲ್ಲಿ ಒಂದು ಕಂದು ಚುಕ್ಕೆಯೂ ಕಾಣದಷ್ಟು ಸ್ವಚ್ಛವಾಗುವ ತನಕ ಕತ್ತರಿಸಬೇಕು. ಪ್ರತಿ ಸಲವೂ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಉಳಿದ ಭಾಗವನ್ನು 5–7 ದಿನ ನೆರಳಿನಲ್ಲಿ ಒಣಗಿಸಿ ಹೊಸ ಮಿಶ್ರಣದಲ್ಲಿ ಊರಿ. ಹಳೆಯ ಮಣ್ಣನ್ನು ಮತ್ತೆ ಬಳಸಬೇಡಿ.

ಹಿಟ್ಟು ತಿಗಣೆ ಈ ಗಿಡಗಳ ಮುಖ್ಯ ಶತ್ರು. ನಾಲ್ಕಾರು ಕಂಡರೆ ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದಾಗಿ ಒರೆಸಿ, 5–7 ದಿನದ ಅಂತರದಲ್ಲಿ ಮೂರು ಸಲ ಮಾಡಿ. ಮೊಟ್ಟೆಗಳಿಂದ ಹೊಸದು ಹುಟ್ಟುತ್ತಲೇ ಇರುತ್ತವೆ. ಹೆಚ್ಚಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, 1–2 ಮಿಲಿಲೀಟರ್ ದ್ರವ ಸೋಪು ಬೆರೆಸಿ ಇಳಿಹೊತ್ತಿನಲ್ಲಿ ಸಿಂಪಡಿಸಿ. ಮೊದಲು ಒಂದೇ ಎಲೆಗೆ ಹಚ್ಚಿ ಎರಡು ದಿನ ನೋಡಿ. ಕಲಾಂಚೊ ಮತ್ತು ಕ್ರಾಸುಲಾಗಳ ಎಲೆಗೆ ಎಣ್ಣೆ, ಸೋಪು ಆಗಿಬರದೆ ಕಲೆ ಬೀಳುವುದುಂಟು; ಬಿಳಿ ಲೇಪದ ಎಕೆವೇರಿಯಾದ ಅಂದ ಪೂರ್ತಿ ಕೆಡುತ್ತದೆ. ಗಿಡದ ಮೇಲೆ ಇರುವೆ ಸಾಲು ಹತ್ತಿದ್ದರೆ ಅದನ್ನೂ ತಡೆಯಿರಿ. ಸಿಹಿ ಅಂಟಿನ ಆಸೆಗೆ ಇರುವೆಗಳೇ ತಿಗಣೆಯನ್ನು ಕಾಪಾಡಿ ಗಿಡದಿಂದ ಗಿಡಕ್ಕೆ ಸಾಗಿಸುತ್ತವೆ. ಮೇಲೆ ಏನೂ ಕಾಣದೆ ಗಿಡ ಸೊರಗುತ್ತಿದ್ದರೆ ಬೇರಿನಲ್ಲಿ ತಿಗಣೆ ಇರಬಹುದು. ಕಿತ್ತು ಬೇರು ತೊಳೆದು, ಒಣಗಿಸಿ, ಹೊಸ ಮಣ್ಣಿಗೆ ಬದಲಿಸಿ.

ಅಡೇನಿಯಂ ಎಲೆಯಲ್ಲಿ ಸಣ್ಣ ಹಳದಿ ಚುಕ್ಕೆ, ಅಡಿಯಲ್ಲಿ ತೆಳು ಬಲೆ ಕಂಡರೆ ಜೇಡನುಸಿ. ಒಣ ಸೆಕೆಯಲ್ಲಿ ಇದು ಹೆಚ್ಚು. ಎಲೆಯಡಿಗೆ ರಭಸದ ನೀರು ಹಾಯಿಸಿದರೆ ಬಹುಪಾಲು ಹೋಗುತ್ತದೆ. ಕಲಾಂಚೊದ ಬೂದಿ ರೋಗಕ್ಕೆ ಕಾರಣ ಗಾಳಿಯಾಡದ ಒತ್ತು. ಔಷಧಿಗಿಂತ ಮೊದಲು ಅಂತರ ಹೆಚ್ಚಿಸಿ.

ಅಡೇನಿಯಂ ಮತ್ತು ಯುಫೋರ್ಬಿಯಾ ಕತ್ತರಿಸುವಾಗ ಕೈಗವಸು, ಕನ್ನಡಕ ಕಡ್ಡಾಯ. ಯುಫೋರ್ಬಿಯಾದ ಬಿಳಿ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಬಿದ್ದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಿ. ಅಡೇನಿಯಂ ರಸದಲ್ಲಿ ಹೃದಯದ ಮೇಲೆ ಪರಿಣಾಮ ಬೀರುವ ವಿಷವಿದೆ. ಆಫ್ರಿಕಾದಲ್ಲಿ ಬಾಣಕ್ಕೆ ಹಚ್ಚುತ್ತಿದ್ದದ್ದು ಇದನ್ನೇ. ಕಲಾಂಚೊ ತಿಂದರೆ ನಾಯಿ, ಬೆಕ್ಕು, ದನಗಳಿಗೂ ವಿಷ. ಪುಟ್ಟ ಮಕ್ಕಳು, ಸಾಕುಪ್ರಾಣಿಗಳು ಓಡಾಡುವ ದಾರಿಯಂಚಿನಲ್ಲಿ ಈ ಮೂರನ್ನೂ ನೆಡಬೇಡಿ.

ಗಿಡ ಹೆಚ್ಚಿಸುವುದು

ಬೇಗ ಹೂ ಬೇಕಿದ್ದರೆ ಹೂಬಿಟ್ಟ ಗಿಡದ ಕಡ್ಡಿಯಿಂದಲೇ ಸಸಿ ಮಾಡಿ. ಎಲೆಯಿಂದ ಎಕೆವೇರಿಯಾ ಬೆಳೆಸಬಹುದು, ಆದರೆ ಅದು ಹೂ ಬಿಡುವಷ್ಟು ಬಲಿಯಲು ಎರಡು ವರ್ಷವಾದರೂ ಬೇಕು. ಮಿಶ್ರತಳಿಗಳ ಬೀಜದಿಂದ ತಾಯಿಯ ಬಣ್ಣದ ಹೂವೇ ಬರುತ್ತದೆಂಬ ಖಾತ್ರಿಯಿಲ್ಲ. ಕಡ್ಡಿಯಲ್ಲಿ ಬಣ್ಣ ಬದಲಾಗುವುದಿಲ್ಲ.

ಕಲಾಂಚೊ, ಪೋರ್ಚುಲಾಕಾಗಳ 7–10 ಸೆಂಟಿಮೀಟರ್ ತುದಿ ಕತ್ತರಿಸಿ ಕೆಳಗಿನ ಎಲೆ ತೆಗೆಯಿರಿ. ಕಲಾಂಚೊವನ್ನು 2–3 ದಿನ ಒಣಗಿಸಿ ನೆಡಬೇಕು. ಪೋರ್ಚುಲಾಕಾವನ್ನು ಆಗಲೇ ಊರಬಹುದು, 7–10 ದಿನಕ್ಕೆ ಬೇರು ಬಿಡುತ್ತದೆ. ಯುಫೋರ್ಬಿಯಾ ಮಿಲಿಯ 8–12 ಸೆಂಟಿಮೀಟರ್ ಕಡ್ಡಿಯ ತುದಿಯನ್ನು ಹಾಲು ನಿಲ್ಲುವ ತನಕ ನೀರಿನಲ್ಲಿ ಅದ್ದಿ, 4–7 ದಿನ ಒಣಗಿಸಿ ನೆಡಿ. ಅಲೋದ ಮರಿ ತಾಯಿಯ ಕಾಲು ಭಾಗದಷ್ಟು ಬೆಳೆದು ಸ್ವಂತ ಬೇರು ಬಿಟ್ಟ ಮೇಲೆ ಬೇರ್ಪಡಿಸಿ. ಕಲಾಂಚೊ ಕಡ್ಡಿಗಳನ್ನು ಹಗಲು ದೀರ್ಘವಾಗಿರುವ ತಿಂಗಳುಗಳಲ್ಲೇ ನೆಡುವುದು ಒಳ್ಳೆಯದು. ಹಗಲು ಕುಗ್ಗಿದ ಮೇಲೆ ನೆಟ್ಟರೆ ಬೆರಳುದ್ದದ ಸಸಿಯೇ ಮೊಗ್ಗು ಕಟ್ಟಿ ಬೆಳವಣಿಗೆ ನಿಲ್ಲಿಸುತ್ತದೆ. ಹಾಗಾದರೆ ಮೊಗ್ಗು ಚಿವುಟಿ ಹಾಕಿ, ಗಿಡ ಮೊದಲು ಮೈ ತುಂಬಿಕೊಳ್ಳಲಿ.